ದುಡ್ಡು ಪೆನ್ನಿಗಲ್ಲ, ಸೂಜಿಗೆ ಹಾಕಿ: ಇನ್ಸುಲಿನ್ ಪೆನ್ನು ಮತ್ತು 4 ಮಿ.ಮೀ. ಸೂಜಿಯ ವಿಮರ್ಶೆ

ಮೊದಲ ಸಲ ಇನ್ಸುಲಿನ್ ಚೀಟಿ ಹಿಡಿದು ಮೈಸೂರಿನ ಧನ್ವಂತ್ರಿ ರಸ್ತೆಯ ಮೆಡಿಕಲ್ ಮುಂದೆ ನಿಂತವರ ತಲೆಯಲ್ಲಿ ಇರುವುದು ಒಂದೇ ಪ್ರಶ್ನೆ: ನೋವಾಗುತ್ತಾ? ಕೌಂಟರಿನ ಆಚೆಯಿಂದ ಬರುವ ಪ್ರಶ್ನೆ ಬೇರೆ: "ಯಾವ ಪೆನ್ನು ಕೊಡಲಿ ಸಾರ್?" ಪೆನ್ನು ಅಂದರೆ ಇನ್ಸುಲಿನ್ ಅಳೆದು ಚುಚ್ಚಿಕೊಳ್ಳುವ ಸಾಧನ. ಅದರ ತುದಿಗೆ ಹಾಕುವ ಸೂಜಿಯ ಮಾತೇ ಏಳುವುದಿಲ್ಲ. ಪೆನ್ನಿನ ಜೊತೆಗೆ ಕೈಗೆ ಸಿಕ್ಕಿದ ಸೂಜಿ ಡಬ್ಬಿ ಚೀಲ ಸೇರುತ್ತದೆ. ಅದು 4 ಮಿ.ಮೀ. ಇರಬಹುದು, 8 ಮಿ.ಮೀ. ಕೂಡ ಇರಬಹುದು. ನಿಜಕ್ಕೂ ನೋವು ಎಷ್ಟು, ಭಯ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಡಬ್ಬಿ. ಪೆನ್ನಿನ ಪಾತ್ರ ಅದರ ಮುಂದೆ ಸಣ್ಣದು. ಹಾಗಾಗಿ ಈ ವಿಮರ್ಶೆಯಲ್ಲಿ ಸೂಜಿಗೇ ಮೊದಲ ಮಣೆ.

ಡಬ್ಬಿಯ ಮೇಲೆ ಎರಡು ಸಂಖ್ಯೆ ನೋಡಿ. ಒಂದು ಉದ್ದ, ಮಿಲಿಮೀಟರಿನಲ್ಲಿ. ಇನ್ನೊಂದು ಗೇಜ್, ಅಂದರೆ ದಪ್ಪ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ತೆಳ್ಳಗೆ. 32 ಗೇಜಿನ ಸೂಜಿ 0.23 ಮಿ.ಮೀ. ದಪ್ಪ. ಲ್ಯಾಬಿನಲ್ಲಿ ರಕ್ತ ತೆಗೆಯುವ 22 ಗೇಜಿನ ಸೂಜಿ ಸುಮಾರು 0.7 ಮಿ.ಮೀ. ಎರಡನ್ನೂ ಅಡ್ಡ ಕತ್ತರಿಸಿ ನೋಡಿದರೆ ಲ್ಯಾಬಿನ ಸೂಜಿ ಒಂಬತ್ತು ಪಟ್ಟು ದೊಡ್ಡದು. "ಇಂಜೆಕ್ಷನ್" ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಆ ದೊಡ್ಡದೇ, ಚಿಕ್ಕಂದಿನಲ್ಲಿ ಸೊಂಟಕ್ಕೆ ಹಾಕಿಸಿಕೊಂಡಿದ್ದು. ಇನ್ನೊಂದು ಹೋಲಿಕೆ ಇನ್ನೂ ಹತ್ತಿರದ್ದು: ಮನೆಯಲ್ಲಿ ಗ್ಲುಕೋಮೀಟರ್ ಇಟ್ಟುಕೊಂಡು ಬೆರಳು ಚುಚ್ಚಿ ಶುಗರ್ ನೋಡುವವರು ಬಳಸುವ ಲ್ಯಾನ್ಸೆಟ್ ಸಾಮಾನ್ಯವಾಗಿ 28ರಿಂದ 30 ಗೇಜಿನದು, ಅಂದರೆ ಈ ಸೂಜಿಗಿಂತ ದಪ್ಪ. ಬೆರಳ ತುದಿಯಲ್ಲಿ ನರಗಳೂ ಹೊಟ್ಟೆಯ ಚರ್ಮಕ್ಕಿಂತ ಬಹಳ ಹೆಚ್ಚು. ಬೆರಳು ಚುಚ್ಚಿಕೊಂಡು ಅಭ್ಯಾಸವಿರುವವರು ಹೆಚ್ಚು ನೋವಿನ ಕೆಲಸವನ್ನು ಆಗಲೇ ದಾಟಿ ಬಂದಿದ್ದಾರೆ.

ಉದ್ದದ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಅಂಗಡಿಗಳಲ್ಲೂ ಇದೆ: ಮೈಕಟ್ಟು ದಪ್ಪ ಇದ್ದವರಿಗೆ ಉದ್ದ ಸೂಜಿ ಬೇಕು ಅಂತ. ಬೇಡ. ಚರ್ಮದ ದಪ್ಪ ತೆಳ್ಳಗಿನವರಲ್ಲೂ ದಪ್ಪಗಿನವರಲ್ಲೂ ಹೆಚ್ಚುಕಡಿಮೆ ಒಂದೇ, ಸರಾಸರಿ 2ರಿಂದ 2.5 ಮಿ.ಮೀ. ಇನ್ಸುಲಿನ್ ಸೇರಬೇಕಾದ್ದು ಅದರ ಕೆಳಗಿನ ಕೊಬ್ಬಿನ ಪದರಕ್ಕೆ. 4 ಮಿ.ಮೀ. ಸೂಜಿ ಚರ್ಮ ದಾಟಿ ಆ ಪದರದಲ್ಲಿ ನಿಲ್ಲುತ್ತದೆ. 8 ಮಿ.ಮೀ. ಸೂಜಿ ತೆಳ್ಳಗಿನವರ ತೊಡೆಯಲ್ಲೋ ತೋಳಿನಲ್ಲೋ ಕೊಬ್ಬನ್ನೂ ದಾಟಿ ಮಾಂಸಖಂಡಕ್ಕೆ ಹೋಗಬಹುದು. ಆಗ ನೋವೂ ಹೆಚ್ಚು, ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಶುಗರ್ ದಿಢೀರನೆ ಇಳಿಯುವ ಅಪಾಯವೂ ಹೆಚ್ಚು. 4 ಮಿ.ಮೀ. ಸೂಜಿಯನ್ನು ದೊಡ್ಡವರು ನೇರವಾಗಿ, 90 ಡಿಗ್ರಿಯಲ್ಲಿ, ಚರ್ಮ ಹಿಂಡಿ ಎತ್ತದೆ ಚುಚ್ಚಿಕೊಳ್ಳಬಹುದು. ಒಂದು ಕೈ ಬಿಡುವಾಗುತ್ತದೆ. ನಡುಗುವ ಕೈಗೆ ಇದು ಎಷ್ಟು ದೊಡ್ಡ ಉಪಕಾರ ಎಂಬುದು ಎರಡು ಕೈಯಲ್ಲೂ ಏನಾದರೊಂದು ಹಿಡಿದು ಒದ್ದಾಡಿದವರಿಗೆ ಗೊತ್ತು. ಚಿಕ್ಕ ಮಕ್ಕಳಿಗೆ, ತೀರಾ ಬಡಕಲು ಮೈಯವರಿಗೆ ಮಾತ್ರ ಚರ್ಮ ಮೆಲ್ಲಗೆ ಎತ್ತಿ ಹಿಡಿಯಬೇಕು.

4 ಮಿ.ಮೀ., 32 ಗೇಜ್ ಸೂಜಿಗೆ ನಮ್ಮ ಕಡೆಯಿಂದ ಪೂರ್ತಿ ಅಂಕ. ಇದರ ದೂರು ಒಂದೇ, ಖರ್ಚು. ಒಂದು ಸಲಕ್ಕೆ ಒಂದು ಸೂಜಿ ಎಂದೇ ಡಬ್ಬಿಯ ಮೇಲೆ ಬರೆದಿದೆ. ದಿನಕ್ಕೆ ಎರಡು ಸಲ ತಗೊಳ್ಳುವವರಿಗೆ ತಿಂಗಳಿಗೆ 60 ಸೂಜಿ ಬೇಕು. ಆದ್ದರಿಂದಲೇ ಒಂದೇ ಸೂಜಿಯನ್ನು ವಾರಗಟ್ಟಲೆ ಬಳಸುವವರು ಊರ ತುಂಬ ಇದ್ದಾರೆ. ಆಮೇಲೆ "ಮೊದಲು ಗೊತ್ತೇ ಆಗುತ್ತಿರಲಿಲ್ಲ, ಈಗೀಗ ಉರಿಯುತ್ತೆ" ಎನ್ನುತ್ತಾರೆ. ಕಾರಣ ಸೂಜಿಯಲ್ಲೇ ಇದೆ. ಹೊಸ ಸೂಜಿಯ ಮೇಲೆ ಜಾರಲು ಸಿಲಿಕೋನ್ ಲೇಪ ಇರುತ್ತದೆ. ಬಳಸುತ್ತಾ ಹೋದಂತೆ ಅದು ಸವೆಯುತ್ತದೆ, ತುದಿ ಕಣ್ಣಿಗೆ ಕಾಣದಷ್ಟು ಬಾಗಿ ಕೊಕ್ಕೆಯಾಗುತ್ತದೆ. ಒಳಗೆ ಉಳಿದ ಇನ್ಸುಲಿನ್ ಒಣಗಿ ರಂಧ್ರ ಕಟ್ಟಿಕೊಳ್ಳುವುದೂ ಉಂಟು. ದುಡ್ಡು ಉಳಿಸಬೇಕಾದರೆ ಪೆನ್ನಿನಲ್ಲಿ ಉಳಿಸಿ, ಸೂಜಿಯಲ್ಲಿ ಬೇಡ.

ಪೆನ್ನು, ಬಾಟಲಿ, ಮತ್ತೆ ಆ 40–100ರ ಲೆಕ್ಕ

ಮತ್ತೆ ಮತ್ತೆ ತುಂಬಿಸುವ ಪೆನ್ನು 1985ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಮೊದಲು ಹೆಚ್ಚಿನವರಿಗೆ ಬಾಟಲಿ, ಸಿರಿಂಜು ಅಷ್ಟೇ ಇದ್ದದ್ದು. ಈಗ ಇಲ್ಲಿ ಸಾಮಾನ್ಯವಾಗಿ ಕಾಣುವ ತುಂಬಿಸುವ ಪೆನ್ನುಗಳಲ್ಲಿ ನೋವೊಪೆನ್ 4 ಮತ್ತು ಹ್ಯೂಮಾಪೆನ್ ಎರ್ಗೊ 2 ಒಂದು ಸಲಕ್ಕೆ 60 ಯೂನಿಟ್‌ವರೆಗೆ, ಆಲ್‌ಸ್ಟಾರ್ 80 ಯೂನಿಟ್‌ವರೆಗೆ ಕೊಡುತ್ತವೆ. ಮೂರರಲ್ಲೂ ಒಂದೊಂದೇ ಯೂನಿಟ್ ಏರಿಸಬಹುದು. ಆಯ್ಕೆ ಮಾಡುವಾಗ ಪೆನ್ನಿನ ಅಂದ ಚಂದ ನೋಡಬೇಡಿ. ಒಂದು ಕಂಪನಿಯ ಪೆನ್ನಿಗೆ ಅದೇ ಕಂಪನಿಯ ಕಾರ್ಟ್ರಿಡ್ಜ್, ಅಂದರೆ ಇನ್ಸುಲಿನ್ ತುಂಬಿದ ಪುಟ್ಟ ಕೊಳವೆ, ಹಾಕಬೇಕು. ಮೊದಲು ಡಾಕ್ಟರು ಬರೆದ ಇನ್ಸುಲಿನ್ ಯಾವುದು, ಅದರ ಕಾರ್ಟ್ರಿಡ್ಜ್ ನಿಮ್ಮ ಊರಿನ ಮೆಡಿಕಲ್‌ನಲ್ಲಿ ಸದಾ ಸಿಗುತ್ತದೆಯೇ ಎಂದು ವಿಚಾರಿಸಿ, ಆಮೇಲೆ ಪೆನ್ನು. ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಇದ್ದು ಕಾರ್ಟ್ರಿಡ್ಜಿಗಾಗಿ ಪ್ರತಿ ಸಲ ಮೈಸೂರಿನ ಬಸ್ಸು ಹತ್ತಬೇಕೆಂದರೆ ಆ ಪೆನ್ನು ಎಷ್ಟು ಚೆನ್ನಾಗಿದ್ದರೂ ನಿಮಗಲ್ಲ.

ತುಂಬಿಸುವ ಪೆನ್ನಿನ ಕುಂದುಗಳನ್ನೂ ಹೇಳಬೇಕು. ಡೋಸ್ ಹೆಚ್ಚಿಸಿದಷ್ಟೂ ಹಿಂದಿನ ಗುಂಡಿ ಉದ್ದಕ್ಕೆ ಹೊರಗೆ ಬರುತ್ತದೆ. 40 ಯೂನಿಟ್ ತಿರುಗಿಸಿದ ಮೇಲೆ ಹೆಬ್ಬೆರಳು ಅದನ್ನು ಪೂರ್ತಿ ಒಳಕ್ಕೆ ತಳ್ಳಬೇಕು. ಕೀಲುನೋವಿನ ಬೆರಳಿಗೆ, ಚಿಕ್ಕ ಅಂಗೈಗೆ ಇದು ಕಷ್ಟ. ಅಂಥವರಿಗೆ ಗುಂಡಿ ಹೊರಗೆ ಬರದ ಫ್ಲೆಕ್ಸ್‌ಟಚ್ ಮಾದರಿಯ, ಬಳಸಿ ಬಿಸಾಡುವ ಪೆನ್ನು ವಾಸಿ. ಪೆನ್ನಿನ ಮೇಲೆ ಡೋಸ್ ತೋರಿಸುವ ಪುಟ್ಟ ಕಿಟಕಿಯ ಸಂಖ್ಯೆ ಓದಲು ಕನ್ನಡಕ ಬೇಕು. ಕನ್ನಡಕ ಹುಡುಕುವ ಸೋಮಾರಿತನಕ್ಕೆ ಟಿಕ್ ಟಿಕ್ ಸದ್ದು ಎಣಿಸಿ ಡೋಸ್ ಇಡುವವರಿದ್ದಾರೆ. ಬೇಡವೇ ಬೇಡ, ಎಣಿಕೆ ತಪ್ಪುತ್ತದೆ.

ಬಾಟಲಿ–ಸಿರಿಂಜು ಕೀಳಲ್ಲ. ಖರ್ಚು ಕಡಿಮೆ, ಸರ್ಕಾರಿ ಆಸ್ಪತ್ರೆಯಲ್ಲಿ ಕೈಗೆ ಬರುವುದೂ ಹೆಚ್ಚಾಗಿ ಅದೇ. ಆದರೆ ಇಲ್ಲಿ ಒಂದು ಲೆಕ್ಕ ತಲೆಯಲ್ಲಿ ಕೂರಲೇಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಮಿ.ಲೀ. ಬಾಟಲಿ ಒಂದು ಮಿ.ಲೀ.ಗೆ 40 ಯೂನಿಟ್‌ನದು. ಪೆನ್ನಿನ 3 ಮಿ.ಲೀ. ಕಾರ್ಟ್ರಿಡ್ಜ್ ಒಂದು ಮಿ.ಲೀ.ಗೆ 100 ಯೂನಿಟ್‌ನದು. 40ರ ಸಿರಿಂಜಿನ ಮುಚ್ಚಳ ಕೆಂಪು, 100ರದ್ದು ಕಿತ್ತಳೆ. ಪೆನ್ನು ಕೆಟ್ಟಿತು ಎಂದು ಕಾರ್ಟ್ರಿಡ್ಜಿನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದು 20ರ ಗೆರೆಗೆ ನಿಲ್ಲಿಸಿದಿರಿ ಅಂದುಕೊಳ್ಳಿ. ಆ ಗೆರೆ ಅಂದರೆ ಅರ್ಧ ಮಿ.ಲೀ. ನೂರರ ಇನ್ಸುಲಿನ್ ಅರ್ಧ ಮಿ.ಲೀ. ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಪ್ರಾಣಕ್ಕೇ ಕುತ್ತು ತರುವ ತಪ್ಪು ಇದು. ತಿರುಗುಮುರುಗಾದರೆ, ಅಂದರೆ 40ರ ಬಾಟಲಿಗೆ ಕಿತ್ತಳೆ ಸಿರಿಂಜು ಹಾಕಿದರೆ, 20ರ ಗೆರೆಗೆ ಬರುವುದು ಬರೀ 8 ಯೂನಿಟ್. ಕಾರ್ಟ್ರಿಡ್ಜಿನಿಂದ ಸಿರಿಂಜಿಗೆ ಎಳೆಯುವ ಕೆಲಸಕ್ಕೇ ಕೈ ಹಾಕಬೇಡಿ. ಕೈ ನಡುಗುವವರಿಗೆ, "ಡೋಸ್ ತಪ್ಪಿದರೆ" ಎಂಬ ಚಿಂತೆಯೇ ದೊಡ್ಡದಾಗಿರುವವರಿಗೆ ಪೆನ್ನನ್ನು ಶಿಫಾರಸು ಮಾಡುವುದು ಇದೇ ಕಾರಣಕ್ಕೆ. ಅಲ್ಲಿ ಈ ಲೆಕ್ಕವೇ ಇಲ್ಲ.

ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇದ್ದು, ಇನ್ಸುಲಿನ್ನೂ ಒಂದೇ ಆಗಿರುವ ಮನೆಗಳಲ್ಲಿ ಒಂದೇ ಪೆನ್ನಿಗೆ ಸೂಜಿ ಬದಲಿಸಿಕೊಂಡು ಬಳಸುವ ರೂಢಿ ಇದೆ. ಸೂಜಿ ಹೊಸದಾದರೂ ಮೈಯ ದ್ರವ ಕಾರ್ಟ್ರಿಡ್ಜಿನ ಒಳಕ್ಕೆ ಎಳೆದುಕೊಳ್ಳಬಹುದು. ಒಬ್ಬರಿಗೆ ಒಂದು ಪೆನ್ನು, ಅದರಲ್ಲಿ ರಿಯಾಯಿತಿ ಇಲ್ಲ.

ಸೂಜಿ ಹಾಕುವುದರಿಂದ ತೆಗೆಯುವವರೆಗೆ

ಪೆನ್ನಿನ ಜೊತೆ ಬರುವ ಕಾಗದದಲ್ಲಿ ಚಿತ್ರಗಳಿವೆ, ಆದರೆ ಯಾವ ಹಂತ ಬಿಟ್ಟರೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ.

ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್ (30/70 ಥರದ್ದು) ಆದರೆ ಮೊದಲು ಬೆರೆಸಬೇಕು. ಎರಡು ಅಂಗೈ ನಡುವೆ 10 ಸಲ ಉರುಳಿಸಿ, ಆಮೇಲೆ 10 ಸಲ ಮೇಲೆ ಕೆಳಗೆ ಮಾಡಿ. ಒಳಗಿನ ಪುಟ್ಟ ಗಾಜಿನ ಗುಂಡು ಒಂದು ತುದಿಯಿಂದ ಇನ್ನೊಂದಕ್ಕೆ ಓಡುವುದು ಕಾಣಬೇಕು. ನೊರೆ ಬರುವ ಹಾಗೆ ಕುಲುಕಬಾರದು. ಬೆರೆಸದೆ ತಗೊಂಡರೆ ಒಂದು ದಿನ ತೆಳ್ಳಗಿನ ಭಾಗ, ಇನ್ನೊಂದು ದಿನ ಗಟ್ಟಿ ಭಾಗ ಹೋಗಿ ಶುಗರ್ ಏರಿಳಿಯುತ್ತದೆ. ಊಟ ಅದೇ, ಡೋಸ್ ಅದೇ, ಆದರೂ ಏಕೆ ಹೀಗೆ ಎಂದು ತಲೆ ಕೆಡಿಸಿಕೊಳ್ಳುವ ಎಷ್ಟೋ ಜನರ ಸಮಸ್ಯೆ ಇಷ್ಟೇ. ಕಾರ್ಟ್ರಿಡ್ಜಿನಲ್ಲಿ 12 ಯೂನಿಟ್‌ಗಿಂತ ಕಡಿಮೆ ಉಳಿದಿದ್ದರೆ ಗಾಜಿನ ಗುಂಡು ಓಡಾಡಲು ಜಾಗವಿರುವುದಿಲ್ಲ, ಹೊಸದು ಹಾಕಿ. ನೀರಿನಂತೆ ತಿಳಿಯಾಗಿರುವ ಇನ್ಸುಲಿನ್‌ಗೆ ಈ ಕೆಲಸವಿಲ್ಲ. ಅದು ಮಬ್ಬಾಗಿ ಕಂಡರೆ ಕೆಟ್ಟಿದೆ ಎಂದೇ ಅರ್ಥ.

ಸೂಜಿಯನ್ನು ನೇರವಾಗಿಟ್ಟು ತಿರುಗಿಸಿ. ಓರೆಯಾಗಿ ಹಾಕಿದರೆ ಹಿಂದಿನ ತುದಿ ಕಾರ್ಟ್ರಿಡ್ಜಿನ ರಬ್ಬರಿಗೆ ಸರಿಯಾಗಿ ಇಳಿಯದೆ ಸೋರುತ್ತದೆ. ಹೊರ ಮುಚ್ಚಳ ತೆಗೆದಿಡಿ, ಒಳಗಿನ ಸಣ್ಣ ಮುಚ್ಚಳ ಬಿಸಾಡಿ. ಈಗ 2 ಯೂನಿಟ್ ತಿರುಗಿಸಿ, ಸೂಜಿ ಮೇಲ್ಮುಖ ಹಿಡಿದು, ಬೆರಳಿಂದ ತಟ್ಟಿ, ಗುಂಡಿ ಒತ್ತಿ. ಸೂಜಿಯ ತುದಿಯಲ್ಲಿ ಸಾಸಿವೆಯಷ್ಟು ತೊಟ್ಟು ಮೂಡಬೇಕು. ಮೂಡದಿದ್ದರೆ ಇನ್ನೊಮ್ಮೆ ಮಾಡಿ. ಹೊಸ ಕಾರ್ಟ್ರಿಡ್ಜಿಗೆ ಮೂರು ನಾಲ್ಕು ಸಲವೂ ಬೇಕಾಗಬಹುದು. ಆದರೂ ಬಾರದಿದ್ದರೆ ಸೂಜಿ ಬದಲಿಸಿ. ಈ ಎರಡು ಯೂನಿಟ್ "ದಂಡ" ಅಂತ ಬಿಡುವವರು ಅಮೃತವನ್ನು ಉಳಿಸಿದಂತಲ್ಲ, ಇನ್ಸುಲಿನ್ ಬದಲು ಗಾಳಿ ತಳ್ಳಿಕೊಂಡಂತೆ. ಜೊತೆಗೆ, ಭಯ ಇರುವವರಿಗೆ ಆ ತೊಟ್ಟನ್ನು ಕಣ್ಣಾರೆ ನೋಡುವುದು ಒಂದು ಧೈರ್ಯ: ಸೂಜಿ ಸರಿ ಇದೆ, ಪೆನ್ನು ಕೆಲಸ ಮಾಡುತ್ತಿದೆ.

ಡೋಸ್ ತಿರುಗಿಸಿ ಸಂಖ್ಯೆ ನೋಡಿ. ಸ್ನಾನ ಮಾಡಿದ ಶುಭ್ರ ಚರ್ಮಕ್ಕೆ ಸ್ಪಿರಿಟ್ ಕಡ್ಡಾಯವಲ್ಲ. ಹಚ್ಚಿದರೆ ಪೂರ್ತಿ ಆರಲು ಬಿಡಿ. ಉರಿ ಉರಿ ಎನ್ನುವ ಎಷ್ಟೋ ದೂರುಗಳಿಗೆ ಹಸಿ ಸ್ಪಿರಿಟ್ ಕೂಡ ಕಾರಣ. ಇನ್ನು ಕೆಲವಕ್ಕೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತಣ್ಣನೆಯ ಇನ್ಸುಲಿನ್. ಹೊಸ ಕಾರ್ಟ್ರಿಡ್ಜನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ.

ಚುಚ್ಚುವ ಗಳಿಗೆ. ಕುರ್ಚಿಗೆ ಒರಗಿ ಕೂತು ಹೊಟ್ಟೆ ಸಡಿಲ ಬಿಡಿ, ಬಿಗಿದ ಸ್ನಾಯು ನೋವು ಹೆಚ್ಚಿಸುತ್ತದೆ. ಉಸಿರು ಎಳೆದು, ಹೊರಬಿಡುತ್ತಾ ಸೂಜಿ ಇಳಿಸಿ. ಮೆಲ್ಲಮೆಲ್ಲಗೆ ತಾಗಿಸಿ ನೋಡುವುದೇ ಹೆಚ್ಚು ನೋಯಿಸುತ್ತದೆ. ಒಂದೇ ಸಲಕ್ಕೆ, ಆದರೆ ಗುದ್ದದೆ, ಬುಡ ಚರ್ಮಕ್ಕೆ ತಾಗುವ ತನಕ ಹೋಗಲಿ. ಈಗ ಗುಂಡಿ ಒತ್ತಿ, ಕಿಟಕಿಯಲ್ಲಿ 0 ಬಂದ ಮೇಲೂ ಒತ್ತಿ ಹಿಡಿದೇ ಒಂದರಿಂದ ಹತ್ತು ಎಣಿಸಿ. ಗುಂಡಿ ಬಿಡದೆ ಸೂಜಿ ಹೊರಗೆ ತೆಗೆಯಿರಿ. ಬೇಗ ತೆಗೆದರೆ ಚರ್ಮದ ಮೇಲೆ ತೊಟ್ಟು ಉಳಿಯುತ್ತದೆ, ಆ ತೊಟ್ಟು ನಿಮ್ಮ ಡೋಸಿನಲ್ಲಿ ಕಡಿತ. ಒಮ್ಮೊಮ್ಮೆ ಒಂದು ಚುಕ್ಕಿ ರಕ್ತ ಬರುವುದು, ಸಣ್ಣ ನೀಲಿ ಕಲೆ ಉಳಿಯುವುದು ತಪ್ಪಿನ ಗುರುತಲ್ಲ. ಒತ್ತಿ ಹಿಡಿಯಿರಿ, ಉಜ್ಜಬೇಡಿ. ಹೊರ ಮುಚ್ಚಳ ಹಾಕಿ ಸೂಜಿ ಕಳಚಿಬಿಡಿ. ಪೆನ್ನಿನಲ್ಲೇ ಬಿಟ್ಟರೆ ಬಿಸಿಲಿಗೆ ಹಿಗ್ಗಿದ ಇನ್ಸುಲಿನ್ ಸೋರುತ್ತದೆ, ತಂಪಿಗೆ ಕುಗ್ಗಿದಾಗ ಗಾಳಿ ಒಳಗೆ ಹೋಗುತ್ತದೆ.

ಜಾಗ: ಹೊಕ್ಕಳಿನಿಂದ ಎರಡು ಬೆರಳು ಬಿಟ್ಟು ಹೊಟ್ಟೆ, ಇಲ್ಲವೇ ತೊಡೆಯ ಮುಂಭಾಗದ ಹೊರಮಗ್ಗುಲು. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ. ಹಿಂದಿನ ಚುಚ್ಚಿಗೂ ಇಂದಿನದಕ್ಕೂ ಒಂದು ಬೆರಳಿನ ಅಂತರ. ಭಯ ಇರುವವರು ಇಲ್ಲೇ ಎಡವುತ್ತಾರೆ. ನೋವಾಗದ ಒಂದು ಜಾಗ ಸಿಕ್ಕಿತೆಂದರೆ ಅದನ್ನೇ ಹಿಡಿದುಬಿಡುತ್ತಾರೆ. ಆ ಜಾಗ ನೋಯದಿರಲು ಕಾರಣ ಅಲ್ಲಿ ಕೊಬ್ಬಿನ ಗಂಟು ಕಟ್ಟಿರುವುದು. ಸ್ನಾನ ಮಾಡುವಾಗ ಸೋಪು ಹಚ್ಚಿದ ಬೆರಳಿಂದ ಹೊಟ್ಟೆ ಸವರಿ ನೋಡಿ. ಗಂಟಿರುವ ಕಡೆ ಬೆರಳ ಕೆಳಗೆ ಇಡ್ಲಿ ಇಟ್ಟ ಹಾಗೆ ಮೆತ್ತಗೆ, ದಪ್ಪಗೆ ಸಿಗುತ್ತದೆ. ಕಣ್ಣಿಗೆ ಕಾಣದಿದ್ದರೂ ಕೈಗೆ ತಿಳಿಯುತ್ತದೆ. ಅಲ್ಲಿ ಹಾಕಿದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಜಾಗ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ: ಗಂಟಿಗೆ 30 ಯೂನಿಟ್ ಹಾಕುತ್ತಿದ್ದವರು ಅಷ್ಟನ್ನೇ ಒಳ್ಳೆಯ ಚರ್ಮಕ್ಕೆ ಹಾಕಿದರೆ ಶುಗರ್ ತೀರಾ ಇಳಿಯಬಹುದು.

ಭಯಕ್ಕೆ ಬೇರೆ ಬೇರೆ ಮುಖ

ಹೆಚ್ಚಿನವರದ್ದು ನೋವಿನ ಭಯ. ಅದಕ್ಕೆ ಮೇಲೆ ಹೇಳಿದ ಸೂಜಿಯೇ ಮದ್ದು. ಮೊದಲ ದಿನ ಸಿಸ್ಟರ್ ಎದುರಿಗೆ ಕೂತು ಔಷಧಿಯಿಲ್ಲದೆ ಬರೀ ಸೂಜಿ ಒಮ್ಮೆ ಇಳಿಸಿ ನೋಡಿದರೆ ಕೈಗೆ ತಾನಾಗಿ ನಂಬಿಕೆ ಬರುತ್ತದೆ. ಮನೆಯಲ್ಲಿ ಪೆನ್ನು ಹಿಡಿಯುವ ಅಭ್ಯಾಸಕ್ಕೆ ಒಂದು ಕಿತ್ತಳೆ ಹಣ್ಣು ಸಾಕು. ಸೂಜಿ ಕಣ್ಣಿಗೆ ಬಿದ್ದರೇ ಆಗದು ಎನ್ನುವವರಿಗೆ ಸೂಜಿ ಮುಚ್ಚಿಡುವ, ತಾನೇ ಮುಚ್ಚಿಕೊಳ್ಳುವ ಕವಚದ ಸೂಜಿಗಳಿವೆ, ಬೆಲೆ ಹೆಚ್ಚು.

ಸೂಜಿ, ರಕ್ತ ನೋಡಿ ಕಣ್ಣು ಕತ್ತಲೆ ಬಂದು ಬೀಳುವವರದ್ದು ಬೇರೆಯೇ ಸಂಗತಿ. ಅವರಿಗೆ "ಸಡಿಲ ಬಿಡಿ" ಎಂಬ ಸಲಹೆ ಉಲ್ಟಾ ಹೊಡೆಯುತ್ತದೆ, ಏಕೆಂದರೆ ಅವರಲ್ಲಿ ಬಿ.ಪಿ. ದಿಢೀರನೆ ಇಳಿಯುತ್ತದೆ. ಅವರು ಮೊದಲು ಕೈ, ಕಾಲಿನ ಸ್ನಾಯುಗಳನ್ನು 10–15 ಸೆಕೆಂಡು ಬಿಗಿ ಹಿಡಿದು, ಮುಖಕ್ಕೆ ಬಿಸಿ ಏರಿದಂತೆ ಅನಿಸಿದಾಗ ಅರ್ಧ ನಿಮಿಷ ಬಿಡಬೇಕು. ಹೀಗೆ ಐದು ಸಲ. ಆಮೇಲೆ ಮಲಗಿಯೋ ಒರಗಿಯೋ, ಚುಚ್ಚುವ ಭಾಗವನ್ನು ಮಾತ್ರ ಸಡಿಲ ಬಿಟ್ಟು ತಗೊಳ್ಳಬೇಕು. ಮನೆಯವರು "ಇಷ್ಟಕ್ಕೆಲ್ಲ ಹೆದರೋದಾ" ಎಂದು ಗದರಿಸಬಾರದು. ಇದು ಪುಕ್ಕಲುತನ ಅಲ್ಲ, ಮೈಯ ಪ್ರತಿಕ್ರಿಯೆ.

ಇನ್ನು ಶುಗರ್ ಇಳಿದುಬಿಟ್ಟರೆ ಎಂಬ ಭಯ. ಇದು ಬುದ್ಧಿವಂತರ ಭಯ, ಇದಕ್ಕೆ ತಯಾರಿಯೇ ಉತ್ತರ. 70ಕ್ಕಿಂತ ಕೆಳಗೆ ಬಂದರೆ, ಬೆವರು, ನಡುಕ, ಹಸಿವು ಕಂಡರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಸಿಹಿ ಅಲ್ಲವೇ ಎಂದು ಮೈಸೂರು ಪಾಕ್ ತಿನ್ನಬೇಡಿ. ಅದರ ತುಪ್ಪ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಮದುವೆ ಮನೆಯಲ್ಲಂತೂ ಜೋಪಾನ: ಮೊದಲ ಪಂಕ್ತಿ ಸಿಗುತ್ತದೆ ಎಂದು ಇನ್ಸುಲಿನ್ ತಗೊಂಡು ಕೂತರೆ ಎಲೆ ಸಿಗುವುದು ಮೂರನೇ ಪಂಕ್ತಿಗೆ. 30/70 ಮಾನವ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳುವಂಥದ್ದು, ಅಂಥ ದಿನ ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇರಲಿ.

ಇಲ್ಲಿನ ಬಿಸಿಲು, ಇಲ್ಲಿನ ಕರೆಂಟು

ತೆರೆಯದ ಕಾರ್ಟ್ರಿಡ್ಜ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹಳೆಯ ಒಂಟಿ ಬಾಗಿಲ ಫ್ರಿಜ್ಜಿನಲ್ಲಿ ಫ್ರೀಜರಿಗೆ ಅಂಟಿದ ಮೇಲಿನ ತಟ್ಟೆ ಬೇಡ, ಅಲ್ಲಿ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ಸರಿ ಕಂಡರೂ ಎಸೆಯಬೇಕು. ಬಳಕೆಯಲ್ಲಿರುವ ಪೆನ್ನು ಫ್ರಿಜ್ಜಿಗೆ ಹೋಗಬೇಕಿಲ್ಲ, 30 ಡಿಗ್ರಿಗಿಂತ ಕೆಳಗೆ ಸಾಮಾನ್ಯವಾಗಿ 28 ದಿನ ಇರುತ್ತದೆ (ನಿಮ್ಮದಕ್ಕೆ ಎಷ್ಟು ಎಂದು ಡಬ್ಬಿ ನೋಡಿ). ತೆರೆದ ತಾರೀಖನ್ನು ಪೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬರೆಯಿರಿ. ಆದರೆ ಏಪ್ರಿಲ್‌ನಲ್ಲಿ ಮಂಡ್ಯದ ಶೀಟಿನ ಮನೆಯೊಳಗೆ 30 ಡಿಗ್ರಿ ಎಂಬುದು ಕನಸು. ಆಗ ಮಡಕೆ. ನೀರು ತುಂಬಿದ ಮಡಕೆಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಇಟ್ಟು, ಪೆನ್ನನ್ನು ನೀರು ಹೊಗದ ಬಿಗಿ ಡಬ್ಬಿಯಲ್ಲಿಟ್ಟು ಒಳಗೆ ತೇಲಬಿಡಿ. ಹೊರಮೈ ಬೆವರಿ ಆವಿಯಾದಷ್ಟೂ ಒಳಗೆ ತಂಪು. ಜಡಿಮಳೆಯ ತೇವದ ದಿನಗಳಲ್ಲಿ ಇದರ ಗುಣ ಇಳಿಯುತ್ತದೆ, ಆದರೆ ಆಗ ಬಿಸಿಲೂ ಇರುವುದಿಲ್ಲ. ಒಂದು ಎಚ್ಚರ: ಮಡಕೆ ಫ್ರಿಜ್ಜಲ್ಲ. ತೆರೆಯದ ಕಾರ್ಟ್ರಿಡ್ಜನ್ನು ಅದರಲ್ಲಿಟ್ಟ ದಿನದಿಂದಲೇ 28ರ ಎಣಿಕೆ ಶುರು. ಚಾಮುಂಡಿ ಬೆಟ್ಟಕ್ಕೋ ಮೇಲುಕೋಟೆಗೋ ಹೋದಾಗ ನಿಲ್ಲಿಸಿದ ಕಾರಿನಲ್ಲಿ ಪೆನ್ನು ಬಿಟ್ಟರೆ ಅವತ್ತೇ ಅದು ಕೆಡಬಹುದು, ಕೈಚೀಲದಲ್ಲಿ ಜೊತೆಗೇ ಒಯ್ಯಿರಿ.

ಅಂಗಡಿಯಲ್ಲಿ ಕೇಳಬೇಕಾದ್ದು ಹೀಗೆ: "4 ಮಿ.ಮೀ., 32 ಗೇಜ್, ನನ್ನ ಪೆನ್ನಿಗೆ ಕೂರುವ ಸೂಜಿ." ಪೆನ್ನನ್ನೇ ತೋರಿಸಿ. ಕಾರ್ಟ್ರಿಡ್ಜ್ ಫ್ರಿಜ್ಜಿನಿಂದಲೇ ತೆಗೆದುಕೊಟ್ಟರೇ ನೋಡಿ. ರ‍್ಯಾಕಿನಿಂದ ಇಳಿಸಿಕೊಟ್ಟರೆ ಬೇಡ ಎನ್ನಿ. ಪೆನ್ನು ಕೊಂಡ ದಿನ ಒಮ್ಮೆ ಹಿಡಿದು ತೋರಿಸುವ ತಾಳ್ಮೆ ಇರುವ ಮೆಡಿಕಲ್ ಸಿಕ್ಕರೆ ಹತ್ತು ರೂಪಾಯಿ ರಿಯಾಯಿತಿಗಾಗಿ ಅದನ್ನು ಬಿಡಬೇಡಿ.

ಬಳಸಿದ ಸೂಜಿಗಳು ಫಿನೈಲಿನದ್ದೋ ಶಾಂಪೂವಿನದ್ದೋ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹೋಗಲಿ. ನೀರಿನ ಬಾಟಲಿ ತೆಳುವು, ಸೂಜಿ ತೂರಿ ಬರುತ್ತದೆ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಟೇಪು ಸುತ್ತಿ, ಮೇಲೆ "ಸೂಜಿ" ಎಂದು ದಪ್ಪಗೆ ಬರೆದು, ತೋರಿಸಿಕೊಳ್ಳುವ ಆಸ್ಪತ್ರೆ ಅಥವಾ ಲ್ಯಾಬಿನವರು ತಗೊಳ್ಳುತ್ತಾರೆಯೇ ಕೇಳಿ ಕೊಡಿ. ಅಲ್ಲಿ ಆಗದಿದ್ದರೆ ಮನೆಯ ಅಪಾಯಕಾರಿ ಕಸ ಎಂದು ಹೇಳಿ, ಬೇರೆಯಾಗಿ, ಪೌರಕಾರ್ಮಿಕರ ಕೈಗೇ ಕೊಡಬೇಕು. ಹಸಿ ಕಸದ ಬಕೆಟ್ಟಿಗೆ ಒಂದು ಸೂಜಿಯೂ ಬೀಳಬಾರದು: ಬೆಳಿಗ್ಗೆ ಅದನ್ನು ವಿಂಗಡಿಸುವವರು ಬರಿಗೈಯಲ್ಲಿ ಇರುವುದೂ ಉಂಟು.